ಕಾಂಪೌಂಡರು ಎತ್ತಿದ ಚೆಂಡು

ಎಪ್ಪತ್ತರ ದಶಕದ ಕೊನೆಯಲ್ಲಿ ರಿಪ್ಪನ್‌ಪೇಟೆಯ ದನದ ಆಸ್ಪತ್ರೆಗೆ ವರ್ಗವಾಗಿ ಬಂದ ಕಾಂಪೌಂಡರು ನಮ್ಮ ವಾಲಿಬಾಲ್ ತಂಡದ ಲಿಫ್ಟರ್ ಆದರು. ಅಲ್ಲಿಯವರೆಗೆ ನಮ್ಮದು ಒಂದೇ ಆಟ. ಹುಂಚದಿಂದ ಬಸ್ಸಿನಲ್ಲಿ ಬರುತ್ತಿದ್ದ ಉದ್ದನೆಯವನಿಗೆ ಚೆಂಡು ಎತ್ತಿಕೊಡುವುದು, ಅವನು ಹೊಡೆಯುವುದನ್ನು ಉಳಿದವರು ನಿಂತು ನೋಡುವುದು. ಎದುರಾಳಿಗಳಿಗೂ ಅದು ಗೊತ್ತಿತ್ತು.

ಕಾಂಪೌಂಡರು ಗಿಡ್ಡ ಆಳು. ಮೈಯೆಲ್ಲ ಫಿನೈಲಿನ ವಾಸನೆ. ಕರುವಿನ ಮೂತಿ ಹಿಡಿದಷ್ಟು ಮೆತ್ತಗೆ ಚೆಂಡು ಎತ್ತುತ್ತಿದ್ದರು. ಯಾರಿಗೆ ಎತ್ತುತ್ತಾರೆಂದು ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. "ಎಲ್ರೂ ಹಾರಿ ಮಾರಾಯ್ರೆ. ಯಾರಿಗ್ ಕೊಡ್ಬೇಕು ಅಂತ ನಾನ್ ನೋಡ್ಕಳ್ತೀನಿ" ಎನ್ನುವುದೊಂದೇ ಅವರ ಪಾಠ.

ತೀರ್ಥಹಳ್ಳಿಯ ಟೂರ್ನಮೆಂಟಿನ ಫೈನಲ್ಲಿನಲ್ಲಿ, ಕೊನೆಯ ಪಾಯಿಂಟಿಗೆ ಎದುರು ತಂಡದ ಮುಂಸಾಲಿನ ಮೂವರೂ ಉದ್ದನೆಯವನ ಮುಂದೆ ಗೋಡೆಯಂತೆ ಎದ್ದರು. ಕಾಂಪೌಂಡರು ಚೆಂಡನ್ನು ತಮ್ಮ ತಲೆಯ ಹಿಂದಕ್ಕೆ, ನನಗೆ ಎತ್ತಿದರು. ನನ್ನೆದುರು ನೆಟ್ಟಿನಾಚೆ ನರಪಿಳ್ಳೆಯೂ ಇರಲಿಲ್ಲ. ನಾನೋ, ಹಳೇ ಚಾಳಿ, ಉದ್ದನೆಯವನನ್ನೇ ನೋಡುತ್ತ ನಿಂತಿದ್ದೆ. ಚೆಂಡು ನನ್ನ ಕಾಲ ಬುಡದಲ್ಲೇ ಬಿತ್ತು. ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಬೈದದ್ದು ಕಾಂಪೌಂಡರನ್ನು. "ಇವ್ನಿಗ್ಯಾಕ್ರೀ ಕೊಟ್ರಿ?" ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. "ಅಲ್ಲಿ ಖಾಲಿ ಇತ್ತು" ಎಂದಷ್ಟೇ ಹೇಳಿ ಅವರು ಕಿಟಕಿಯತ್ತ ತಿರುಗಿದರು.

ಮರುದಿನ ಸಂಜೆ ಅಭ್ಯಾಸಕ್ಕೆ ಹೋಗಿ, ಮುಖ ತಪ್ಪಿಸಿಕೊಂಡು ನನ್ನ ಜಾಗದಲ್ಲಿ ನಿಂತೆ. ಮೊದಲ ಚೆಂಡು ಕಾಂಪೌಂಡರ ಕೈಗೆ ಬಂತು. ಅವರು ನನ್ನತ್ತ ನೋಡದೆ ಅದನ್ನು ತಲೆಯ ಹಿಂದಕ್ಕೆ ಎತ್ತಿದರು.

ನಾನು ಆಗಲೇ ಹಾರಿದ್ದೆ.