ಜೀಪಿನ ಮೀಟರ್ ಅಳೆದ ಓಟ

ನನಗೆ ಮರೆವು ಜಾಸ್ತಿ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ಯಾರು ನನ್ನನ್ನು ಏನಂದರು ಎಂಬುದನ್ನು ಮಾತ್ರ ಮರೆತವಳಲ್ಲ.

ತೊಂಬತ್ತರ ದಶಕದಲ್ಲಿ, ಹೈಸ್ಕೂಲಿನಲ್ಲಿದ್ದಾಗ, ಜಿಲ್ಲಾ ತಂಡಕ್ಕೆ ಮೂರು ಕಿಲೋಮೀಟರ್ ಓಟದ ಆಯ್ಕೆ ನಡೆಯಿತು. ಸಕಲೇಶಪುರದ ಹುಡುಗಿಯರು ಮೈದಾನದಲ್ಲಿ ಓಡಿದರು. ಬೆಟ್ಟದ ಕಡೆಯ ನಮ್ಮನ್ನು ಪಿ.ಟಿ. ಮೇಷ್ಟ್ರು ಹೊಂಗಡಹಳ್ಳದ ರಸ್ತೆಯಲ್ಲಿ ಓಡಿಸಿ, ಎರಡೂ ಕಡೆಯ ಸಮಯ ಹೋಲಿಸಿದರು. ರಸ್ತೆಯನ್ನು ಎಸ್ಟೇಟ್ ಜೀಪಿನ ಮೀಟರ್ ನೋಡಿ ಅಳೆದಿದ್ದರು. ಆಯ್ಕೆಯಾದವಳಿಗಿಂತ ನಾನು ಮುಕ್ಕಾಲು ನಿಮಿಷ ಹಿಂದೆ ಬಿದ್ದೆ.

"ದಾರಿ ಉದ್ದ ಆಯ್ತು ಸಾರ್" ಎಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ತೋಟದ ನೆರಳಲ್ಲಿ ಬೆಳ್ದೋಳು ನೀನು, ಮೈಗಳ್ಳತನ ಐತೆ. ಓಟ ಬುಟ್ಬುಡು" ಎಂದರು, ಎಲ್ಲರೆದುರು.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಇದನ್ನು ಕೇಳಿ ಅರ್ಧ ಊಟದಲ್ಲಿ ಎದ್ದುಹೋದ. ನಾನು ಕ್ಯಾನ್ವಾಸ್ ಬೂಟನ್ನು ಬಚ್ಚಲೊಲೆಗೆ ಹಾಕಿದೆ.

ಓಟ ಬಿಟ್ಟೆ, ಹಟ ಬಿಡಲಿಲ್ಲ. ದೈಹಿಕ ಶಿಕ್ಷಣ ಓದಿ, ಓಟಗಾರರ ಎದೆಬಡಿತ, ದಣಿವು, ಚೇತರಿಕೆಗಳನ್ನು ದಿನದಿನವೂ ಅಳೆಯುವ ಸಂಶೋಧನೆಗೆ ಸಹಾಯಕಿಯಾಗಿ ಸೇರಿದೆ. ಓಡುವವರನ್ನು ಅಳೆಯುವ ಮೊದಲು ಅಳತೆಯನ್ನೇ ಪರೀಕ್ಷಿಸಿ ಎಂದು ಅಲ್ಲಿ ಮೊದಲ ದಿನವೇ ಕಲಿಸಿದರು. ರಜೆಗೆ ಬಂದವಳೇ ಕಾಫಿ ಗಿಡದ ಗುಂಡಿಗೆ ಗುರುತು ಹಾಕುವ, ಆರಡಿಗೊಂದು ಗಂಟಿರುವ ಹಗ್ಗ ಹಿಡಿದು ಆ ರಸ್ತೆ ಅಳೆದೆ. ಶಾಲೆಯ ಮೈದಾನಕ್ಕೆ ಪೂರ್ತಿ ಒಂದು ಸುತ್ತು ಬರುವಷ್ಟು ಹೆಚ್ಚಿತ್ತು. ಮಳೆಗಾಲದ ಕೆಸರಿಗೆಂದು ನಮ್ಮ ಕಡೆ ಜೀಪಿಗೆ ದೊಡ್ಡ ಟೈರು ಹಾಕಿಸುತ್ತಾರೆ. ದೊಡ್ಡ ಚಕ್ರ ಕಡಿಮೆ ಸುತ್ತುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಆ ಹೆಚ್ಚಿನ ದಾರಿ ಕಳೆದರೆ ಆಯ್ಕೆಯಾದವಳಿಗಿಂತ ನಾನೇ ಮುಂದೆ. ಅಪ್ಪನಿಗೆ ಹೇಳೋಣವೆಂದರೆ ಅವನು ತೀರಿಕೊಂಡು ವರ್ಷವಾಗಿತ್ತು.

ಕಾದೆ. ಕೆಲವು ವರ್ಷಗಳ ಮೇಲೆ ದೈಹಿಕ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನೇ ಸಕಲೇಶಪುರಕ್ಕೆ ಕಳಿಸಿದರು. ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವತ್ತು ನನಗೆ ಊಟ ತುಂಬ ರುಚಿಸಿತು.

ಮರುದಿನ ಎಲ್ಲರನ್ನೂ ಅದೇ ರಸ್ತೆಗೆ ಕರೆದೊಯ್ದೆ. ಎದೆಬಡಿತ ಅಳೆಯುವ ಪಟ್ಟಿಯನ್ನು ಮೇಷ್ಟ್ರಿಗೇ ಕಟ್ಟಿಸಿದೆ, ಹಗ್ಗದ ತುದಿಯನ್ನೂ ಅವರಿಗೇ ಕೊಟ್ಟೆ. ಹಗ್ಗ ಮುಗಿದಾಗಲೆಲ್ಲ ಅವರು ಬಗ್ಗಿ ಸುಣ್ಣದ ಗೆರೆ ಎಳೆಯಬೇಕು. ಅವರ ಸೊಂಟ ನೋಯಲಿ ಎಂದೇ ನನ್ನ ಆಸೆ. ಮೂರು ಕಿಲೋಮೀಟರ್ ಮುಗಿದರೂ ಅಂದಿನ ಓಟದ ಗುರಿಯಾಗಿದ್ದ ಮೋರಿ ಇನ್ನೂ ದೂರವಿತ್ತು. ಮೇಷ್ಟ್ರು ನಿಂತುಬಿಟ್ಟರು. ನಿಂತಲ್ಲೇ ಅವರ ಎದೆಬಡಿತ ಏರುವುದನ್ನು ನನ್ನ ಕೈಯ ವಾಚು ತೋರಿಸಿತು.

"ನೆಲಾನೇ ಡೊಂಕಿತ್ತಲ್ಲ ಸಾರ್. ಕುಣಿಯೋಳ್ದೇನು ತಪ್ಪು?"

"ಅಳತೆ ತಪ್ಪಿತ್ತಮ್ಮ. ತಪ್ಪು ನಂದೇ" ಎಂದರು, ಎಲ್ಲರಿಗೂ ಕೇಳುವಂತೆ. ನನ್ನ ಹೊಟ್ಟೆ ತಣ್ಣಗಾಯಿತು.

ಉಳಿದವರು ಬಸ್ಸಿನ ಕಡೆ ನಡೆದರು. ಮೇಷ್ಟ್ರು ಹಗ್ಗ ಸುತ್ತುತ್ತ ಮೆಲ್ಲಗೆ ಹೇಳಿದರು: "ಅವತ್ತು ಜೀಪ್ನಲ್ಲಿ ಕೂತು ಮೀಟರ್ ಓದಿ ದಾರಿ ಅಳ್ದಿದ್ದು ನಿಮ್ಮಪ್ಪ ಕಣಮ್ಮ. ಮಗಳಿಗೆ ಅನುಕೂಲ ಮಾಡ್ಕೊಟ್ಟ ಅಂತ ಜನ ಆಡ್ಕೊಂತಾರೆ, ಯಾರಿಗೂ ಹೇಳ್ಬೇಡಿ ಅಂದಿದ್ರು. ಈಗ ಅಷ್ಟು ಜನದ ಮುಂದೆ ಅವ್ರ ಹೆಸ್ರು ಯಾಕೆ ಅಂತ ತಪ್ಪು ನಂದೇ ಅಂದೆ."

ಪಟ್ಟಿ ಇನ್ನೂ ಅವರ ಎದೆಯ ಮೇಲಿತ್ತು. ಸುಳ್ಳೇನಾದರೂ ಸಿಕ್ಕೀತೆಂದು ವಾಚು ನೋಡಿದೆ. ಬಡಿತ ನಿಧಾನವಾಗಿ, ಸಮನಾಗಿ ಇತ್ತು.

ಸೇಡು ತೀರಿಸಿಕೊಳ್ಳಲು ಹೋದವಳಿಗೆ ಉಪಕಾರ ಮಾಡಿ ಕಳಿಸಿದ ಮನುಷ್ಯ ಅವರು. ಮೈಗಳ್ಳಿ ಅಂದಿದ್ದನ್ನು ಎಂದೋ ಕ್ಷಮಿಸಿಬಿಟ್ಟೆ. ಈ ಉಪಕಾರವನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.