ಬೆಳಕಿಂಡಿಯ ಮೇಲಿನ ಕಲ್ಲು

ಪಂಚಭೂತಗಳಲ್ಲಿ ಅಗ್ನಿಯಷ್ಟು ಗೌರವಕ್ಕೆ ಪಾತ್ರನಾದವನು ಮತ್ತೊಬ್ಬನಿಲ್ಲ. ಅವನ ಸಾಕ್ಷಿಯಿಲ್ಲದೆ ಮದುವೆಯಿಲ್ಲ, ಅವನ ಕೃಪೆಯಿಲ್ಲದೆ ಊಟವಿಲ್ಲ. ನಮ್ಮ ಓಣಿಯಲ್ಲಿ ಅವನನ್ನು ಒಡೆದ ಗಡಿಗೆಯ ಚೂರಿನಲ್ಲಿ ಹಾಕಿಕೊಂಡು ಪಕ್ಕದ ಮನೆಯಿಂದ ಕಡ ತರುತ್ತಿದ್ದರು.

ಈ ಕಡದ ವ್ಯವಹಾರಕ್ಕೆ ನಮ್ಮ ಮನೆಯಲ್ಲಿ ನಿಷೇಧ ಬಿದ್ದದ್ದು ಅಪ್ಪ ಮಸ್ಕಿಗೆ ಹೋಗಿ ಬಂದ ಮೇಲೆ. ಅಪ್ಪ ಲಿಂಗಸುಗೂರಿನ ತಹಸೀಲ್ ಕಚೇರಿಯಲ್ಲಿ ನಿಜಾಮ ಸರ್ಕಾರದ ಕಾರಕೂನ. ಮಸ್ಕಿಯಲ್ಲಿ ಅವರಿದ್ದಾಗಲೇ ಒಂದು ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ಗಾಳಿಗೆ ಹಾರಿದ ಕಿಡಿ ಪಕ್ಕದ ಮನೆಯ ಮಣ್ಣಿನ ಮಾಳಿಗೆಯಲ್ಲಿ ತೆರೆದಿದ್ದ ಬೆಳಕಿಂಡಿಯಿಂದ ಒಳಗಿಳಿದು, ಕೂಡಿಟ್ಟ ಹತ್ತಿಯ ಮೇಲೆ ಕೂತಿತು. ಅಪ್ಪ ನೋಡುನೋಡುತ್ತಿದ್ದಂತೆ ಆ ಮನೆಯಲ್ಲಿ ಗೋಡೆಗಳಷ್ಟೇ ಉಳಿದವು. ಊರಿಗೆ ಮರಳಿದವರು ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಹುಕುಂ ಹೊರಡಿಸಲು ಶುರು ಮಾಡಿದರು.

ಅವರ ಭಯ ಸುಳ್ಳಲ್ಲ. ಸಿಂಧನೂರಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದವಳು ಗಂಡುಕೂಸು ಹಡೆದು ಒಳಕೋಣೆಯಲ್ಲಿ ಮಲಗಿದ್ದಳು. ನಮ್ಮ ಹಿತ್ತಿಲಿಗೆ ತಾಗಿಯೇ ನೆರೆಯವರ ಬಣವೆ. ಅದನ್ನು ಸರಿಸಿರೆಂದು ಅಪ್ಪ ಕೇಳಿದರೆ, "ನೀವ ಮನಿ ಸರಸ್ರಲ್ಲ" ಎಂದರು ನೆರೆಯವರು. ಸರ್ಕಾರದ ದರ್ಬಾರು ಕಚೇರಿಯ ಹೊಸ್ತಿಲಿಗೇ ಮುಗಿಯುತ್ತದೆಂದು ಅಪ್ಪನಿಗೆ ಅಂದು ತಿಳಿಯಿತು.

ಆದ್ದರಿಂದ ಬಂದೋಬಸ್ತು ನಮ್ಮ ಮನೆಯೊಳಗೇ ನಡೆಯಿತು. ಹಿತ್ತಿಲಲ್ಲಿ ತುಂಬಿದ ಹಂಡೆ, ಮಗ್ಗುಲಲ್ಲಿ ಮಣ್ಣಿನ ಬುಟ್ಟಿ, ಗೋಡೆಗೆ ಸದಾ ಒರಗಿದ ನಿಚ್ಚಣಿಕೆ. ಕೊನೆಗೆ ಒಳಕೋಣೆಯ ಬೆಳಕಿಂಡಿಯ ಮೇಲೆ ಅಪ್ಪ ಸ್ವತಃ ಒಂದು ಚಪ್ಪಡಿ ಕಲ್ಲು ಇಟ್ಟು, ಸುತ್ತ ಹಸಿಮಣ್ಣು ಮೆತ್ತಿದರು. ಯಾವ ಕಿಡಿಯೂ ಇನ್ನು ಮೊಮ್ಮಗನನ್ನು ಮುಟ್ಟುವಂತಿರಲಿಲ್ಲ.

ನಂತರ ಕವಾಯತ್ತು. ಅಪ್ಪ "ಬೆಂಕಿ!" ಎಂದು ಕೂಗಿದೊಡನೆ ಅವ್ವ ಹಂಡೆಗೆ ಓಡಬೇಕು, ನಾನು ಎಮ್ಮೆ ಬಿಚ್ಚಬೇಕು, ಅಪ್ಪ ಮಾಳಿಗೆ ಹತ್ತಬೇಕು. ಅಜ್ಜಿಯ ಪಾಲಿಗೆ ದೇವರ ಪೆಟ್ಟಿಗೆ. ಅಜ್ಜಿ ಕೂತಲ್ಲಿಂದ ಅಲುಗಲಿಲ್ಲ.

"ಯವ್ವಾ, ನೀ ಏಳಬೇಕು" ಎಂದರು ಅಪ್ಪ.

"ಬೆಂಕಿ ಎಲ್ಲೈತಿ?"

"ಐತಿ ಅಂತ ತಿಳ್ಕೋಬೇಕು."

"ಹಂಗಾರ ನಾ ಎದ್ದೀನಂತ ನೀನೂ ತಿಳ್ಕೋ."

ಬಾಣಂತಿಯನ್ನು ಯಾರು ಹೊರಗೆ ತರಬೇಕೆಂದು ಅವ್ವ ಕೇಳಿದಳು. "ಹಸಿಮೈ ಬಾಣಂತಿ ಹೊಸ್ತಿಲ ದಾಟಂಗಿಲ್ಲ" ಎಂದಳು ಅಜ್ಜಿ. ಹೀಗಾಗಿ ಅಕ್ಕನಿಗೆ ಕವಾಯತ್ತಿನಿಂದ ಮಾಫಿ ಸಿಕ್ಕಿತು.

ಒಳಕೋಣೆ ಅಜ್ಜಿಯ ಸಂಸ್ಥಾನ. ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲು ಮುಚ್ಚಿರುತ್ತಿತ್ತು. ಮೈಗೆ ಕಾವು ಬೇಕೆಂದು, ಆ ಬೇಸಿಗೆಯಲ್ಲೂ, ಅಕ್ಕ ಮಲಗಿದ ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಇಡೀ ಮನೆಯಲ್ಲಿ ಅಪ್ಪನ ಹುಕುಂ ನಡೆಯದ ಬೆಂಕಿ ಅದೊಂದೇ.

ಕಲ್ಲು ಮುಚ್ಚಿದ ಮೇಲೆ ಅಕ್ಕ ತಲೆ ಸಿಡಿಯುತ್ತದೆ ಎನ್ನತೊಡಗಿದಳು. "ಹಡದಾಕಿ ತಲಿ ನೋಯದ ಮತ್ತ್ಯಾರ ತಲಿ ನೋಯಬೇಕು?" ಎಂದಳು ಅಜ್ಜಿ. ಅವ್ವ ಅಪ್ಪನ ಹತ್ತಿರ ಹೋದಳು.

"ಕ್ವಾಣ್ಯಾಗ ಉಸುರು ಕಟ್ಟಿದಂಗ ಆಗತೈತ್ರಿ. ಆ ಕಲ್ಲು ತುಸು ಸರಸ್ರಿ."

"ಮಸ್ಕಿಯಾಗ ನಾ ನೋಡೀನಿ. ನೀ ನೋಡಿಲ್ಲ."

ಅವ್ವ ಮಸ್ಕಿಯನ್ನು ನಿಜಕ್ಕೂ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕನಿಗೆ ಊಟ ಒಯ್ದವಳು ನಾನು. ಬಾಗಿಲು ನೂಕಿದರೆ ಒಳಗೆ ಕಟ್ಟಿಕೊಂಡ ಕೆಂಡದ ಬಿಸಿ ಮುಖಕ್ಕೆ ಬಡಿಯಿತು. ಅಕ್ಕನ ಕಣ್ಣು ಅರೆ ತೆರೆದಿತ್ತು, ಕರೆದರೆ ಮಾತಿಲ್ಲ. ಪಕ್ಕದಲ್ಲಿ ಕೂಸು ಬಟ್ಟೆಯ ಮುದ್ದೆಯಂತೆ ಬಿದ್ದಿತ್ತು. ನಾನು ಕಿರುಚಿದೆ. ಕಲಿತದ್ದು ಒಂದೇ ಮಾತಾದ್ದರಿಂದ ಬಾಯಿಗೆ ಬಂದದ್ದೂ ಅದೇ: "ಬೆಂಕಿ!"

ಕವಾಯತ್ತು ಅಂದು ಒಂದು ತಪ್ಪೂ ಇಲ್ಲದೆ ನಡೆಯಿತು. ಅವ್ವ ಹಂಡೆಗೆ ಓಡಿದಳು. ಕಚೇರಿಗೆ ರಜೆಯಿದ್ದು ಮನೆಯಲ್ಲೇ ಇದ್ದ ಅಪ್ಪ ಮಾಳಿಗೆ ಹತ್ತಿದರು. ನನ್ನ ಕಾಲುಗಳು ಕೂಡ ಎಮ್ಮೆಯ ಕಡೆಗೇ ತಿರುಗಿದ್ದವು. ಕೋಣೆಗೆ ಬಂದವಳು ಕವಾಯತ್ತು ಕಲಿಯದ ಅಜ್ಜಿಯೊಬ್ಬಳೇ.

"ಹಿಡಿ ಬೇ, ಕೂಸು ಹಿಡಿ!" ಎಂದು ನನ್ನ ಕೈಗೆ ತುರುಕಿ, ಅಕ್ಕನ ಕಂಕುಳಿಗೆ ಕೈ ಹಾಕಿ, ದಾಟಬಾರದ ಹೊಸ್ತಿಲ ಮೇಲಿಂದ ಹಿತ್ತಿಲಿಗೆ ದರದರ ಎಳೆದಳು. ಮೇಲೆ ಅಪ್ಪನ ಕೂಗು: "ಎಲ್ಲೈತಿ? ಬಣವಿ ನೆಟ್ಟಗೈತಲ್ಲ! ಎಲ್ಲೈತಿ ಬೆಂಕಿ?"

"ನಿನ್ನ ಕಾಲ ಕೆಳಗೈತಿ! ಆ ಕಲ್ಲು ತಗಿಯೋ!" ಎಂದು ಅಜ್ಜಿ ಒದರಿದಳು.

ಹಿತ್ತಿಲಲ್ಲಿ ಅವ್ವ ತುಂಬಿದ ಕೊಡ ಹಿಡಿದು ಎಲ್ಲಿ ಸುರಿಯಬೇಕೆಂದು ತಿಳಿಯದೆ ನಿಂತಿದ್ದಳು. ಕೊನೆಗೆ ಅಕ್ಕನ ಮುಖಕ್ಕೆ ಸುರಿದಳು. ಅಕ್ಕ ಕೆಮ್ಮಿ, ವಾಂತಿ ಮಾಡಿಕೊಂಡು, "ಕೂಸು" ಎಂದಳು. ಕೂಸು ಅಳುತ್ತಿರಲಿಲ್ಲ. ಅಜ್ಜಿ ಅದನ್ನು ನನ್ನ ಕೈಯಿಂದ ಕಸಿದು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಅದು ಸಣ್ಣಗೆ ಒಂದು ದನಿ ತೆಗೆಯಿತು.

ಅಗ್ಗಿಷ್ಟಿಕೆಯನ್ನು ಅಜ್ಜಿಯೇ ಒಯ್ದು ಅಪ್ಪನ ಹಂಡೆಯಲ್ಲಿ ಅದ್ದಿದಳು. ಆ ನೀರು ಬೆಂಕಿಗೆ ಉಪಯೋಗವಾದದ್ದು ಅಷ್ಟೇ. ಅಪ್ಪ ಸಂಜೆಯವರೆಗೆ ಮಾಳಿಗೆಯಿಂದ ಇಳಿಯಲಿಲ್ಲ. ತೆರೆದ ಬೆಳಕಿಂಡಿಯ ಪಕ್ಕದಲ್ಲಿ, ಉಗುರಿನೊಳಗಿನ ಒಣಮಣ್ಣು ಕೆರೆಯುತ್ತ ಕೂತಿದ್ದರು.

ಕೂಸು ಬದುಕಿತು. ಬಣವೆಗೆ ಆ ವರ್ಷ ಬೆಂಕಿ ಬೀಳಲಿಲ್ಲ. ಅಕ್ಕನ ಎರಡನೆಯ ಹೆರಿಗೆ ಸಿಂಧನೂರಿನಲ್ಲಿ, ಅವಳ ಅತ್ತೆಯ ಮನೆಯಲ್ಲಿ ಆಯಿತು.