ಹದಿನಾಲ್ಕು ಓಕ್ ಮರಗಳ ಸಾವಿಗೆ ನಾನು ಹಾಕಿದ ಸಹಿ

೧೯೮೬ರಲ್ಲಿ ನಾನು ಡ್ಯಾನ್‌ವಿಲ್‌ನ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಯಲ್ಲಿ ಫೀಲ್ಡ್ ಬಾಟನಿಸ್ಟ್ ಆಗಿದ್ದೆ. ಎಲ್ಲಾದರೂ ರಸ್ತೆ, ಬಡಾವಣೆ ಮಾಡಬೇಕೆಂದರೆ ಆ ಜಾಗದಲ್ಲಿ ಯಾವ ಗಿಡಮರಗಳಿವೆ, ಅವಕ್ಕೆ ಏನು ಹಾನಿಯಾಗುತ್ತದೆ ಎಂದು ಕೌಂಟಿಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ವರದಿ ಕೊಡಬೇಕು. ಅದನ್ನು ಬರೆಯುವುದು ನನ್ನ ಕೆಲಸ, ಅದಕ್ಕೆ ಹಣ ಕೊಡುವವರು ರಸ್ತೆ, ಬಡಾವಣೆ ಮಾಡುವವರೇ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಕಂಪನಿಯ ಮಾಲೀಕರು, ಧಾರವಾಡದ ದೇಸಾಯಿ ಸರ್. ನನ್ನ ಗ್ರೀನ್ ಕಾರ್ಡಿನ ಅರ್ಜಿಗೂ ಅವರದೇ ಸಹಿ.

ಆ ಆಗಸ್ಟಿನಲ್ಲಿ ಬಂದ ಕೆಲಸ ಬೆಟ್ಟದ ಪಾರ್ಕಿಗೆ, ಅಂದರೆ ಸರ್ಕಾರ ಕಾಯ್ದಿಟ್ಟ ಕಾಡಿಗೆ, ತಗುಲಿಕೊಂಡಿದ್ದ ಒಂದು ಖಾಸಗಿ ಇಳಿಜಾರಿನದು. ಅದರ ಮೂಲಕ ಹೊಸ ಬಡಾವಣೆಗೆ ರಸ್ತೆ ಹಾಯಬೇಕಿತ್ತು. ಪಾರ್ಕಿನೊಳಗಿನ ಪೈನ್ ಮತ್ತು ಓಕ್ ಕಾಡೇ ಬೇಲಿ ದಾಟಿ ಇಲ್ಲಿಗೂ ಇಳಿದಿತ್ತು. ಒಂದೇ ಮಣ್ಣಿಗೆ, ಒಂದೇ ಬಿಸಿಲಿಗೆ ಒಗ್ಗಿಕೊಂಡು ಕೂಡಿ ಬಾಳುವ ಇಂಥ ಬಳಗವನ್ನು ನಾವು ಪ್ಲಾಂಟ್ ಕಮ್ಯುನಿಟಿ ಎನ್ನುತ್ತೇವೆ. ಇಲ್ಲಿ ಬೂದು ಬಣ್ಣದ ಸೂಜಿಯೆಲೆಯ ಪೈನ್, ಅದರ ತೆಳು ನೆರಳಿನಲ್ಲಿ ಬ್ಲೂ ಓಕ್. ಈ ಓಕ್ ಬೆಳೆಯುವುದು ಬಹಳ ನಿಧಾನ. ತಬ್ಬುವಷ್ಟು ದಪ್ಪವಾಗಲು ಎರಡು ತಲೆಮಾರು ಸಾಲದು. ಕೌಂಟಿಯ ಷರತ್ತು ಸರಳವಾಗಿತ್ತು: ದಾರಿಯಲ್ಲಿ ಜೀವಂತ ಓಕ್ ಇದ್ದರೆ ರಸ್ತೆ ಪಕ್ಕಕ್ಕೆ ಸರಿಯಬೇಕು. ಸತ್ತ ಮರಕ್ಕೆ ಆ ರಕ್ಷಣೆಯಿಲ್ಲ.

ನಾನು ಹೋಗಿ ನೋಡಿದಾಗ ರಸ್ತೆಗೆ ಗುರುತು ಹಾಕಿದ್ದ ಜಾಗದಲ್ಲಿ ಹದಿನಾಲ್ಕು ಓಕ್‌ಗಳು ಸತ್ತು ನಿಂತಿದ್ದವು. ನೀರಿಲ್ಲದ ಬೇಸಿಗೆಯಲ್ಲಿ ಬ್ಲೂ ಓಕ್ ತಾನಾಗಿಯೇ ಎಲೆ ಉದುರಿಸಿ ಜೀವ ಉಳಿಸಿಕೊಳ್ಳುವುದುಂಟು. ಇಲ್ಲಿ ಎಲೆಗಳು ಸೀದ ಹಪ್ಪಳದಂತೆ ಕಂದಿ ರೆಂಬೆಗೇ ಕಚ್ಚಿಕೊಂಡಿದ್ದವು. ಉದುರಿಸಲೂ ಪುರುಸೊತ್ತು ಸಿಗದ ಸಾವು. ಪಕ್ಕದ ಪೈನ್‌ಗಳಿಗೆ ಏನೂ ಆಗಿರಲಿಲ್ಲ. ಜೊತೆಗೆ ಬಂದಿದ್ದ ಪಾರ್ಕಿನ ರೇಂಜರ್ ರೂತ್, ಅರವತ್ತರ ಹತ್ತಿರದ ಹೆಂಗಸು, ಒಂದು ಮರದ ಬುಡದಲ್ಲಿ ಮಂಡಿಯೂರಿ ತೊಗಟೆಗೆ ಮೆತ್ತಿದ್ದ ಮಣ್ಣನ್ನು ಚಾಕುವಿನಿಂದ ಕೆರೆದಳು. ಒಳಗೆ ಡ್ರಿಲ್ಲಿನ ತೂತು. ಹಿಂದೆಮುಂದೆ ನೋಡದೆ ಕಿರುಬೆರಳು ತೂರಿಸಿದೆ. ಎರಡು ಗೆಣ್ಣು ಒಳಗೆ ಹೋಯಿತು. ಹೊರಗೆ ತೆಗೆದರೆ ಅಂಟಂಟು ಕಪ್ಪು ರಸ, ಕಳೆನಾಶಕದ ನಾತ. ಹದಿನಾಲ್ಕೂ ಮರಗಳ ಸುತ್ತ ಅಂಥವೇ ತೂತುಗಳು, ಪ್ರತಿಯೊಂದಕ್ಕೂ ಮಣ್ಣಿನ ಬಿರಡೆ. ಯಾರೋ ಅವಸರವಿಲ್ಲದೆ, ಅಚ್ಚುಕಟ್ಟಾಗಿ ಮಾಡಿದ ಕೆಲಸ. ನಾನು ಕ್ಯಾಮೆರಾ ತೆಗೆದು ಒಂದೊಂದೇ ತೂತಿನ ಫೋಟೋ ಹಿಡಿದೆ.

ಮರಗಳನ್ನು ವಿಷ ಹಾಕಿ ಕೊಂದಿದ್ದಾರೆ ಎಂದು ಇಂಗ್ಲಿಷಿನಲ್ಲಿ ವರದಿ ಬರೆದೆ. ದೇಸಾಯಿ ಸರ್ ಓದಿ, ಪೆನ್ನಿನ ಕ್ಯಾಪು ತೆಗೆದರು. ನಾವಿಬ್ಬರೇ ಇದ್ದಾಗ ಮಾತು ಕನ್ನಡದಲ್ಲೇ.

"'ಕೊಂದಾರ' ಅಂತ ಯಾಕ್ರಿ ಬರೀತೀರಿ? 'ಸತ್ತಾವ' ಅಂತ ಬರೀರಿ. ಅದೇನ್ ಸುಳ್ಳಲ್ಲಲ್ಲ."

"ತಾವಾಗೇ ಸಾಯ್ಲಿಲ್ಲ ಸರ್. ತೂತು ಕೊರೆದು ವಿಷ ಹುಯ್ದಿದ್ದಾರೆ."

"ಯಾರ್ ಕೊರದ್ರು, ನೀವ್ ನೋಡೀರೇನು? ಫೋಟೋ ಹಿಂದ ಅಪೆಂಡಿಕ್ಸಿನಾಗ ಹಾಕೂಣು. ಮುಚ್ಚಿಟ್ಟಂಗೂ ಆಗಂಗಿಲ್ಲ." ಆಮೇಲೆ ನಗುತ್ತಲೇ ಕೇಳಿದರು, "ಅಂದಂಗ, ನಿಮ್ಮ ಕಾರ್ಡಿನ ಇಂಟರ್‌ವ್ಯೂ ಯಾವಾಗ ಅಂದ್ರಿ?"

ನಾನು ಸಹಿ ಹಾಕಿದೆ.

ನವೆಂಬರಿನಲ್ಲಿ ಕೌಂಟಿಯ ಸಾರ್ವಜನಿಕ ವಿಚಾರಣೆ ನಡೆಯಿತು. ರೂತ್ ಎದ್ದು ತೂತುಗಳ ವಿಷಯ ಹೇಳಿದಳು. ಸಮಿತಿಯ ಸದಸ್ಯರೊಬ್ಬರು ವರದಿ ತಿರುವಿದರು. "ತಜ್ಞರ ನಿರ್ಣಯದಲ್ಲಿ ಮರಗಳು ಸತ್ತಿವೆ ಎಂದಷ್ಟೇ ಇದೆಯಲ್ಲ?" ಎಂದರು. ದೇಸಾಯಿ ಸರ್ ತಲೆಯಾಡಿಸಿ, ವಿವರ ಅಪೆಂಡಿಕ್ಸಿನಲ್ಲಿದೆ ಎಂದರು. ಅಲ್ಲಿದ್ದ ಫೋಟೋಗಳು ಜೆರಾಕ್ಸಿನಲ್ಲಿ ಬರೀ ಮಸಿಯ ಮುದ್ದೆಯಾಗಿದ್ದವು. ಎರಡನೇ ಸಾಲಿನಲ್ಲಿ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಕಣ್ಣಾರೆ ಕಂಡು ಮಾತಾಡಿದವಳನ್ನು ನನ್ನ ಸಹಿಯೇ ಸುಳ್ಳುಗಾತಿ ಮಾಡಿತ್ತು. ರಸ್ತೆಗೆ ಒಪ್ಪಿಗೆ ಸಿಕ್ಕಿತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ರೂತ್ ನನ್ನನ್ನು ನೋಡಿ, "ನೀನು ಬೆರಳಿಟ್ಟು ನೋಡಿದ್ದೆ," ಎಂದಳು. ಅಷ್ಟೇ ಹೇಳಿ ಹೋದಳು.

ನಾವಿದ್ದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ನನ್ನ ಗಂಡ ಸಮಾಧಾನ ಮಾಡಿದರು: "ಬಿಡು, ನಿನ್ ಕೈಲಿ ಏನಿತ್ತು? ಮೊದ್ಲು ಕಾರ್ಡು ಬರ್ಲಿ." ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನನ್ನ ಬಗ್ಗೆಯೇ ಹೇಸಿಗೆಯಾಯಿತು. ವಾರ ಕಳೆದ ಮೇಲೆ, ಸಹಿ ಹಿಂತೆಗೆದುಕೊಳ್ಳುತ್ತೇನೆಂದು ಕೌಂಟಿಗೆ ಪತ್ರ ಬರೆದೆ, ಕೆಲಸವನ್ನೂ ಬಿಟ್ಟೆ. ಕಾರ್ಡು ಮೂರು ವರ್ಷ ತಡವಾಯಿತು. ಅದಕ್ಕೆ ಯಾರೂ ನನ್ನನ್ನು ಮೆಚ್ಚಬೇಕಾಗಿಲ್ಲ. ಪತ್ರವನ್ನು ಫೈಲಿಗೆ ಸೇರಿಸಲಾಗಿದೆ ಎಂಬ ಉತ್ತರ ಬರುವ ಹೊತ್ತಿಗೆ ಮರಗಳನ್ನು ಉರುಳಿಸಿ, ಬೇರು ಕಿತ್ತು ಆಗಿತ್ತು.

ಬೇರೆ ಕಂಪನಿಗಳಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದೆ. ಹೊಸದಾಗಿ ಬಂದವರಿಗೆ ಗಿಡಗಳ ಹೆಸರಿಗಿಂತ ಮೊದಲು ಒಂದು ಮಾತು ಹೇಳುತ್ತಿದ್ದೆ: ಒಂದೂ ಸುಳ್ಳು ವಾಕ್ಯವಿಲ್ಲದೆ ಇಡೀ ವರದಿ ಸುಳ್ಳಾಗಬಲ್ಲದು, ಸಹಿ ಹಾಕುವ ಮುಂಚೆ, ಇದನ್ನು ಓದಿದವರು ಏನನ್ನು ನಂಬಿಕೊಂಡು ಎದ್ದು ಹೋಗುತ್ತಾರೆ ಎಂದು ಕೇಳಿಕೊಳ್ಳಿ.